25 ರೂಪಾಯಿಗೆ ಅಳಿಸಿದ ದನಿ

ಬೀದರ ಬಸ್ ಸ್ಟ್ಯಾಂಡಿನಲ್ಲಿ ಔರಾದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕೈಚೀಲದಲ್ಲಿ ಒಂದು ಹೊಸ ರಬ್ಬರ್ ಬೆಲ್ಟು, ಒಂದಿಷ್ಟು ಹತ್ತಿ, ಸಣ್ಣ ಸ್ಪಿರಿಟ್ ಬಾಟಲಿ. "ಯಾನ್ರೀ, ಟೇಪ್ ರಿಪೇರಿ ಮಾಡೋರೇನ್ರೀ?" ಅಂದರು ಪಕ್ಕದ ಸೀಟಿನ ಹಿರಿಯರು. ಹೌದೆಂದು ನಕ್ಕು ಸುಮ್ಮನಾದೆ. ನಿಜ ಹೇಳಿದ್ದರೆ ಅವರೇ ನಗುತ್ತಿದ್ದರು. ನಾನು ಹೊರಟಿದ್ದು ಬರೀ ಎರಡು ನಿಮಿಷದ ಒಂದು ಹಾಡಿಗಾಗಿ!

ಬೀದರಿನ ಕೆಂಪು ನೆಲ ಹಿಂದೆ ಬಿತ್ತು. ಮಾಂಜ್ರಾ ನದಿ ದಾಟಿತು ಬಸ್ಸು. ಆಮೇಲೆ ಎತ್ತ ನೋಡಿದರೂ ಕರಿ ಮಣ್ಣು, ತೊಗರಿ, ಸೋಯಾ. ಬಸ್ಸಿನೊಳಗೆ ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಏರಿ, ಉರ್ದುವಿನಲ್ಲಿ ರಾಜಿಯಾಯಿತು. ನಮ್ಮ ಗಡಿ ಸೀಮೆಯೇ ಹಾಗೆ ನೋಡಿ! ಔರಾದಿನಲ್ಲಿ ಬಸ್ಸು ಬದಲಿಸಿದೆ. ಮುಂದಿನದು ಡಾಬಕಾ, ನನ್ನ ಅವ್ವನ ತವರು.

ಕಥೆ ಹಿಂದಕ್ಕೆ ಹೋಗಬೇಕು ಮಿತ್ರರೇ. 1986. ನಾನಾಗ ಭಾಲ್ಕಿಯಲ್ಲಿ ಓದುತ್ತಿದ್ದ ಹುಡುಗ. ಸಿನಿಮಾ ಹುಚ್ಚು ತಲೆಗೇರಿದ ವಯಸ್ಸು. ರಜೆಗೆ ಡಾಬಕಾಕ್ಕೆ ಹೋದಾಗ ಮಾವನ ಟೇಪ್ ರೆಕಾರ್ಡರಿನಲ್ಲಿ ಒಂದು ಹೊಸ ಕ್ಯಾಸೆಟ್ ಹಾಕಿ ಆಯಿಯ ಬೀಸುವ ಪದ ತುಂಬಿಕೊಂಡೆ. ಆಯಿ ಅಂದರೆ ಅವ್ವನ ಅವ್ವ. ಬೀಸುಕಲ್ಲಿನ ಮುಂದೆ ಕೂತರೆ ಆಕೆ ತಾಸುಗಟ್ಟಲೆ ಹಾಡಬಲ್ಲವಳು. ಸಿ-60 ಕ್ಯಾಸೆಟ್ಟು, ಒಂದು ಮಗ್ಗುಲಿಗೆ 30 ನಿಮಿಷ. ಎರಡೂ ಮಗ್ಗುಲು ತುಂಬಿತು. "ನನ್ನ ದನಿ ಈ ಡಬ್ಬ್ಯಾಗ ಹ್ಯಾಂಗ ಕುಂತಿತೋ ಯಪ್ಪಾ?" ಅಂತ ಆಯಿ ಬೆರಗಾದಳು.

ಮರುವರ್ಷ ನಾನು ಮಾಡಿದ್ದು ಕೇಳಿ. ಆಗ ಪೇಟೆಯಲ್ಲಿ ಹಾಡು ತುಂಬಿಕೊಡುವ ಅಂಗಡಿಗಳಿದ್ದವು. ನಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟು ಬರಬೇಕು. ಖಾಲಿ ಕ್ಯಾಸೆಟ್ಟಿಗೆ ಸುಮಾರು 25 ರೂಪಾಯಿ. ನನ್ನ ಜೇಬಿನಲ್ಲಿ ಬಾಲ್ಕನಿ ಟಿಕೆಟ್ಟಿಗೂ ರೊಕ್ಕವಿಲ್ಲ. ಆಯಿಯ ಕ್ಯಾಸೆಟ್ಟನ್ನೇ ಕೊಟ್ಟುಬಿಟ್ಟೆ! ಎರಡೂ ಮಗ್ಗುಲಿಗೆ ಚಿತ್ರಗೀತೆ ಬಂದವು. ಆಯಿ ಇನ್ನೂ ಗಟ್ಟಿಮುಟ್ಟಾಗಿದ್ದಳು, ಮತ್ತೊಮ್ಮೆ ತುಂಬಿಕೊಂಡರಾಯಿತು ಅಂದುಕೊಂಡೆ. 1990ರಲ್ಲಿ ಆಯಿ ಹೋದಳು. ಮತ್ತೊಮ್ಮೆ ಎಂಬುದು ಬರಲೇ ಇಲ್ಲ.

ಟೇಪಿನ ಕಾಲದ ಲೆಕ್ಕವೇ ಅಂಥದು. ಟೇಪು ಓಡಿದರೆ ರೊಕ್ಕ ಓಡಿದ ಹಾಗೆ. ಕ್ಯಾಸೆಟ್ಟಿನ ಟೇಪು 4 ಮಿಲಿಮೀಟರೂ ಅಗಲವಿಲ್ಲ. ಆದರೆ ದೊಡ್ಡ ಸ್ಟುಡಿಯೊಗಳ 24 ಟ್ರ್ಯಾಕಿನ ಟೇಪು 2 ಇಂಚು ಅಗಲ. 2,500 ಅಡಿಯ ಒಂದು ಸುರುಳಿ, ಸೆಕೆಂಡಿಗೆ 15 ಇಂಚಿನಂತೆ ಓಡಿದರೆ 33 ನಿಮಿಷಕ್ಕೆ ಖಲಾಸ್! ಇನ್ನೂ ಒಳ್ಳೆಯ ದನಿ ಬೇಕೆಂದು 30 ಇಂಚಿನ ವೇಗಕ್ಕೆ ಹಾಕಿದರೆ ಅದರ ಅರ್ಧ. ಅಮೆರಿಕ, ಫ್ರಾನ್ಸುಗಳಲ್ಲಿ ಅಂಥ ಟೇಪು ಇವತ್ತಿಗೂ ತಯಾರಾಗುತ್ತದೆ. ಒಂದು ಸುರುಳಿಗೆ ಕೆಲವು ನೂರು ಡಾಲರು. ಮನೆಯಲ್ಲಿ ಇಡುವ ಮಾತೇ?

ನಮ್ಮ ಕನ್ನಡ ಚಿತ್ರಗಳ ಪಾಡೂ ಬಹುಕಾಲ ಅದೇ ಆಗಿತ್ತು. ಹಾಡು ತುಂಬಲು ಮದ್ರಾಸಿನ ರೈಲು ಹತ್ತಬೇಕು. ಹೋಟೆಲು, ಊಟ, ಸ್ಟುಡಿಯೊ ಬಾಡಿಗೆ ಎಲ್ಲ ನಿರ್ಮಾಪಕರ ತಲೆಯ ಮೇಲೆ. ನಮ್ಮ ಶಂಕರಣ್ಣ, ಅದೇ ಶಂಕರ್‌ನಾಗ್, ಬೆಂಗಳೂರಿನಲ್ಲೇ 'ಸಂಕೇತ್' ಸ್ಟುಡಿಯೊ ಕಟ್ಟಿದ್ದು ಸುಮ್ಮನೆ ಅಲ್ಲ. 'ಆಟೋರಾಜ'ನ ಪೋಸ್ಟರು ಗೋಡೆಗೆ ಅಂಟಿಸಿಕೊಂಡ ನಮಗೆ ಆ ಸ್ಟುಡಿಯೊದ ಬೆಲೆ ಆಗ ಗೊತ್ತಾಗಲಿಲ್ಲ.

ಹೊರದೇಶಗಳಲ್ಲೂ ಇದೇ ಚಿಂತೆ. 1979ರಲ್ಲಿ ಟಿಯಾಕ್ ಕಂಪನಿ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕು ತುಂಬುವ 'ಪೋರ್ಟಾಸ್ಟುಡಿಯೊ' ತಂದಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಗಾಯಕ ಮನೆಯಲ್ಲೇ ಕೂತು ಅಂಥ ಪೆಟ್ಟಿಗೆಯಲ್ಲಿ ಹಾಡಿಕೊಂಡ. ಆ ಹಾಡುಗಳೇ 'ನೆಬ್ರಾಸ್ಕಾ' ಎಂಬ ಆಲ್ಬಂ ಆಗಿ ಹೊರಬಂದವು. ದೊಡ್ಡ ಸ್ಟುಡಿಯೊ ಇಲ್ಲದೆಯೂ ದೊಡ್ಡ ಕೆಲಸ ಆಗುತ್ತದೆ ಅಂತ ತೋರಿಸಿದ ಪುಣ್ಯಾತ್ಮ!

ಡಾಬಕಾ ಬಂತು. ಮಾವನ ಮೊಮ್ಮಗ ಬಸ್ಸಿನ ಹತ್ತಿರವೇ ಕಾದಿದ್ದ. ಇವನೇ ಹಿಂದಿನ ವಾರ ಫೋನು ಮಾಡಿದವನು. "ಅಜ್ಜಾ, ಮನ್ಯಾಗ ನಿಮ್ಮ ಹಳೇ ಕ್ಯಾಸೆಟ್ ಸಿಕ್ಕದ. ಪಿಚ್ಚರ್ ಹಾಡು ಮುಗದ ಮ್ಯಾಲ ಯಾರೋ ಮುದುಕಿ ಹಾಡ್ಲತ್ತಾಳ. ಆದ್ರ ಟೇಪು ಎಳದ ಎಳದ ಓಡ್ತದ, ತಿಳೀವಲ್ದು" ಅಂದಿದ್ದ. ಕೇಳಿ ನನ್ನ ಎದೆ ಝಲ್ಲೆಂದಿತ್ತು. ಅಂಗಡಿಯವನು ತುಂಬಿದ ಹಾಡುಗಳು ಮಗ್ಗುಲು ಮುಗಿಯುವ ಮುಂಚೆಯೇ ಮುಗಿದಿದ್ದವು. ಟೇಪು ಹೊಸದನ್ನು ಬರೆದಷ್ಟು ಭಾಗದಲ್ಲಿ ಮಾತ್ರ ಹಳೆಯದು ಅಳಿಯುತ್ತದೆ. ಉಳಿದ ತುದಿಯಲ್ಲಿ ಆಯಿ ಹಾಗೇ ಕೂತಿದ್ದಳು! ಹಾಡು ಮುಗಿದ ಕೂಡಲೇ ಮಗ್ಗುಲು ತಿರುವಿ ಹಾಕುತ್ತಿದ್ದ ನನಗೆ ಇದು ಒಮ್ಮೆಯೂ ಕೇಳಿರಲಿಲ್ಲ.

ಹುಡುಗನ ಕೋಣೆ ನೋಡಿ ದಂಗಾದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಒಂದು ಮೈಕು, ಅಂಗೈಯಗಲದ ಆಡಿಯೊ ಪೆಟ್ಟಿಗೆ. ಗೋಡೆಗೆ ಹಳೇ ಕೌದಿ ನೇತುಹಾಕಿದ್ದಾನೆ, ದನಿ ಮಾರ್ದನಿಸಬಾರದಂತೆ. "ಮೈಕು, ಪೆಟ್ಟಿಗಿ ಕೂಡಿ 12 ಸಾವಿರ ಆಯ್ತು ಅಜ್ಜಾ. ಸಾಫ್ಟ್‌ವೇರ್ ಫುಕಟ್. ಮುಂದ ಎಷ್ಟು ತುಂಬಿದ್ರೂ ಖರ್ಚಿಲ್ಲ" ಅಂದ. ಲೆಕ್ಕ ಹಾಕಿದೆವು. ಸಿ.ಡಿ. ಗುಣಮಟ್ಟದ ದನಿಗೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಉಗುರಗಲದ 64 ಜಿ.ಬಿ. ಕಾರ್ಡಿನಲ್ಲಿ ಸುಮಾರು 100 ತಾಸು! ಅಂದರೆ ನೂರು ಸಿ-60 ಕ್ಯಾಸೆಟ್ಟು. ನನ್ನ ಕಾಲದ ದರದಲ್ಲಿ ಎರಡೂವರೆ ಸಾವಿರ ರೂಪಾಯಿ.

"ಹಂಗಾದ್ರ ಊರಾಗಿನ ಭಜನಿ ಎಲ್ಲಾ ತುಂಬೀಯೇನೋ?" ಅಂದೆ. ಹುಡುಗನ ಮುಖ ಬಾಡಿತು. ಎರಡು ವರ್ಷ ಫೋನಿನಲ್ಲಿ ತುಂಬಿದ್ದನಂತೆ. ಫೋನು ನೀರಿಗೆ ಬಿತ್ತು. ಇನ್ನೊಂದು ನಕಲು ಇರಲಿಲ್ಲ. ಹಾಡಿದವರಲ್ಲಿ ಇಬ್ಬರು ಈಗಿಲ್ಲ. ಬೈಯಲು ಬಾಯಿ ಬರಲಿಲ್ಲ ನನಗೆ. ರೊಕ್ಕವಿಲ್ಲದೆ ನಾನು ಅಳಿಸಿದೆ, ರೊಕ್ಕ ಬೀಳುವುದಿಲ್ಲವೆಂದು ಇವನು ಕಾಯದೆ ಕಳೆದ. ಇಬ್ಬರದೂ ಒಂದೇ ತಪ್ಪು.

ಮಾವನ ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿ, ಸ್ಪಿರಿಟ್ಟಿನಿಂದ ಹೆಡ್ ಒರೆಸಿದೆವು. ಸಡಿಲಾದ ಟೇಪನ್ನು ಪೆನ್ಸಿಲಿನಿಂದ ಸುತ್ತಿ ಬಿಗಿ ಮಾಡಿದೆವು. ಟೇಪಿಗೆ ಅವಸರ ನಡೆಯುವುದಿಲ್ಲ, 30 ನಿಮಿಷದ್ದಕ್ಕೆ 30 ನಿಮಿಷವೇ ಕೂರಬೇಕು. ಕೊನೆಯ ಚಿತ್ರಗೀತೆ ಮುಗಿಯಿತು. 'ಟಕ್' ಎಂದಿತು. ಆಮೇಲೆ ಬೀಸುಕಲ್ಲಿನ ಗರಗರ... ಅದರ ಮೇಲೆ ಆಯಿಯ ದನಿ! ಎರಡು ನಿಮಿಷಕ್ಕೆ ಟೇಪು ಮುಗಿಯಿತು, ಪದ ಅರ್ಧಕ್ಕೇ ನಿಂತಿತು. ಹೊಸ್ತಿಲ ಮೇಲೆ ಕೂತಿದ್ದ ಮಾವ ಸೆರಗಿಲ್ಲದ ಗಂಡಸು, ಟೋಪಿಯಿಂದಲೇ ಕಣ್ಣೊರೆಸಿಕೊಂಡರು.

ಲ್ಯಾಪ್‌ಟಾಪಿನಲ್ಲಿ ಒಂದು ನಕಲು, ಪೆನ್‌ಡ್ರೈವಿನಲ್ಲಿ ಒಂದು, ನನ್ನ ಹತ್ತಿರ ಒಂದು ಮಾಡಿಕೊಂಡೆವು. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೊಂದು ತುಂಬಲಾಗದು. ಕಾಸಿನ ಖರ್ಚಿಲ್ಲ, ಒಂದು ಉಗುರು ಸಾಕು. 1986ರಲ್ಲಿ ನಾನು ಮಾಡದ ಆ ಕೆಲಸವನ್ನು ಡಾಬಕಾದ ಹುಡುಗ ಮೊನ್ನೆ ಮಾಡಿದ.

ಮಿತ್ರರೇ, ಈ ಪುಟ ಓದುತ್ತಿರುವ ನಿಮ್ಮ ಜೇಬಿನಲ್ಲೂ ಫೋನಿದೆ. ಮನೆಯಲ್ಲಿ ಹಾಡುವ ಅಜ್ಜಿ ಇದ್ದರೆ ಈ ರಾತ್ರಿಯೇ ತುಂಬಿಕೊಳ್ಳಿ. ಎರಡು ನಕಲು ಮಾಡಿ, ಎರಡು ಕಡೆ ಇಡಿ. ಏನಂತೀರಿ?