ದಾರಿ ಕೇಳಿದವರು

ನಮ್ಮಪ್ಪನ ಪಂಕ್ಚರ್ ಅಂಗಡಿಗೆ ಹೆಸರು ಅಂತ ಇರಲಿಲ್ಲ. ಹುಣಸೆಮರದ ಕೊಂಬೆಗೆ ನೇತುಹಾಕಿದ್ದ ಹಳೆಯ ಲಾರಿ ಟೈರೇ ಬೋರ್ಡು. ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟವರಿಗೆ ಎಡಗಡೆ ಸಿಗುತ್ತಿತ್ತು. ಒಂದು ತಗಡಿನ ಚಾವಣಿ, ನೀರು ತುಂಬಿದ ಅರ್ಧ ಡ್ರಮ್ಮು, ಎರಡು ಜಾಕಿ, ಹೀಟ್ ಪ್ಯಾಚ್ ಹಾಕುವ ಕಬ್ಬಿಣದ ಅಚ್ಚು, ಸದ್ದು ಮಾಡಿಕೊಂಡೇ ಗಾಳಿ ತುಂಬುವ ಕಂಪ್ರೆಸರು. ಸ್ಕೂಲು ಬಿಟ್ಟ ಕೂಡಲೇ ನಾನು ಅಲ್ಲಿ ಹಾಜರು. ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ನನ್ನ ಕೆಲಸ. ಅದು 1983.

ಆಗ ಆ ರಸ್ತೆಯ ಅಗಲ ಎಷ್ಟೆಂದರೆ, ಎದುರುಬದುರು ಎರಡು ಲಾರಿ ಬಂದರೆ ಎರಡೂ ಒಂದೊಂದು ಚಕ್ರವನ್ನು ಮಣ್ಣಿಗೆ ಇಳಿಸಬೇಕಿತ್ತು. ಮುಂಬಯಿಯಿಂದ ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು ಹಾದು ಮದ್ರಾಸಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 4 ಅದೇ. ದಾವಣಗೆರೆ, ಹುಬ್ಬಳ್ಳಿಯವರಿಗೆ ಅದು ಇವತ್ತಿಗೂ ಪಿ.ಬಿ. ರೋಡು, ಪೂನಾ–ಬೆಂಗಳೂರು ರಸ್ತೆ. ನಮ್ಮೂರಿನ ಮುದುಕರಿಗೆ ಬರೀ ಟಾರ್ ರೋಡು.

ಪಂಕ್ಚರ್ ಹಾಕಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಡ್ರೈವರು ಸುಮ್ಮನೆ ಕೂರುವುದಿಲ್ಲ, ಕೇಳುತ್ತಾನೆ. "ಅಣ್ಣಾ, ಮುಂದೆ ರೋಡ್ ಹೆಂಗೈತೆ?" "ಚೆಕ್‌ಪೋಸ್ಟ್ ಎಷ್ಟು ದೂರ?" "ರಾತ್ರಿ ನಿಲ್ಲಿಸೋಕೆ ಧೈರ್ಯದ ಜಾಗ ಯಾವುದು?" "ಬಳ್ಳಾರಿ ಕಡೆ ತಿರುಗೋಕೆ ಹಿರಿಯೂರೊಳಗೆ ಹೋಗಬೇಕಾ?" ತಮಿಳರು, ಮಲಯಾಳಿಗಳು, ಪಂಜಾಬಿನವರು, ಎಲ್ಲರೂ ಅವರವರ ಭಾಷೆ ಬೆರೆಸಿ ಕೇಳುತ್ತಿದ್ದರು. ಅಪ್ಪ ಎಲ್ಲರಿಗೂ ಕನ್ನಡದಲ್ಲೇ ಹೇಳಿ, ಉಳಿದದ್ದನ್ನು ಕೈಯಲ್ಲಿ ತೋರಿಸುತ್ತಿದ್ದ. ಅವನಿಗೆ ಈ ಉತ್ತರಗಳು ಸಿಗುತ್ತಿದ್ದದ್ದು ಎದುರಿನಿಂದ ಬಂದ ಡ್ರೈವರುಗಳಿಂದ. ದಾವಣಗೆರೆ ಕಡೆಯಿಂದ ಬಂದವನು ಹೇಳಿದ್ದನ್ನು ತುಮಕೂರಿನ ಕಡೆಯಿಂದ ಬಂದವನಿಗೆ ದಾಟಿಸುವುದು. ಟ್ಯೂಬಿನಷ್ಟೇ ಹುಷಾರಾಗಿ ಅವನು ಆ ಸುದ್ದಿಗಳನ್ನೂ ನೋಡಿಕೊಳ್ಳುತ್ತಿದ್ದ. ಹಳೆಯ ಸುದ್ದಿ ಕೊಡುತ್ತಿರಲಿಲ್ಲ. "ನಿನ್ನೆ ಸಂಜೆ ಹೇಳಿದ್ದು, ಇವತ್ತು ಹೆಂಗೋ" ಎಂದು ಸೇರಿಸದೆ ಮಾತು ಮುಗಿಸುತ್ತಿರಲಿಲ್ಲ.

ಬೋರ್ಡುಗಳು ಇರಲೇ ಇಲ್ಲ ಎಂದಲ್ಲ. ತಿರುವಿಗೆ ಮುಂಚೆ ಒಂದು ತ್ರಿಕೋನದ ತಗಡು, ಶಾಲೆಯ ಹತ್ತಿರ ಇನ್ನೊಂದು. ಬಣ್ಣ ಹೋಗಿ, ಕಲ್ಲೇಟಿನ ಗುಂಡಿ ಬಿದ್ದು, ರಾತ್ರಿ ಕಾಣುತ್ತಲೇ ಇರಲಿಲ್ಲ. ನಿಜವಾದ ಗುರುತು ಎಂದರೆ ಮರಗಳು. ಎರಡೂ ಕಡೆ ಹುಣಸೆ, ಬೇವು, ಆಲ. ಬುಡಕ್ಕೆ ಸುಣ್ಣ, ಅದರ ನಡುವೆ ಕೆಮ್ಮಣ್ಣಿನ ಪಟ್ಟಿ. ಹೆಡ್‌ಲೈಟ್ ಬಿದ್ದರೆ ಬಿಳಿ ಬುಡಗಳ ಸಾಲು ಬೆಳಗಿ ರಸ್ತೆ ಎತ್ತ ತಿರುಗುತ್ತದೆ ಎಂದು ಮುಂಚೆಯೇ ಕಾಣಿಸುತ್ತಿತ್ತು. ಗ್ಯಾಂಗ್‌ಮನ್ನುಗಳು ಸುಣ್ಣದ ಬಕೆಟ್ಟು ಹಿಡಿದು ಬಂದರೆಂದರೆ ನಮಗೆ ಹಬ್ಬ ಹತ್ತಿರ ಬಂದಂತೆ. ಅದೇ ಮರಗಳ ಹುಣಸೆಹಣ್ಣು ವರ್ಷಕ್ಕೊಮ್ಮೆ ಹರಾಜಾಗುತ್ತಿತ್ತು. ಅದಕ್ಕಾಗಿ ಮರಕ್ಕೆ ನಂಬರು ಬರೆಯುತ್ತಿದ್ದರು.

ಆ ನಂಬರೇ ಮುಂದೆ ಅಪ್ಪನನ್ನು ಮೋಸಗೊಳಿಸಿತು. 1999ರ ಜನವರಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಸುವರ್ಣ ಚತುಷ್ಪಥಕ್ಕೆ ಅಡಿಗಲ್ಲು ಹಾಕಿದರು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿಲೋಮೀಟರ್. ಮುಂಬಯಿ–ಚೆನ್ನೈ ನಡುವಿನ ತೋಳು ನಮ್ಮ ರಸ್ತೆಯೇ. ಪೇಪರಿನಲ್ಲಿ ಓದಿದ್ದೆ. ಆದರೆ ದುರ್ಬೀನು ಹಿಡಿದ ಹುಡುಗರು ಬಂದು ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಾಗ ಅಪ್ಪ "ಈ ಸಲ ಹರಾಜು ಬೇಗ ಇಟ್ಟವ್ರೆ" ಎಂದ. ನಾನೂ ಹಾಗೇ ಅಂದುಕೊಂಡೆ. ಕೆಲವು ತಿಂಗಳಿಗೆ ಗರಗಸದವರು ಬಂದರು. ನಮ್ಮ ಟೈರು ನೇತಾಡುತ್ತಿದ್ದ ಮರವನ್ನು ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನದೊಳಗೆ ಉರುಳಿಸಿದರು. ಜಮೀನಿನವರಿಗೆ ಪರಿಹಾರ ಬಂತು. ರಸ್ತೆಯಂಚಿನ ಅಂಗಡಿಗೆ ಪಟ್ಟಾ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ. ಅಪ್ಪ ಕಂಪ್ರೆಸರನ್ನು ಎತ್ತಿನ ಗಾಡಿಗೆ ಹೇರಿಕೊಂಡು ನೂರು ಅಡಿ ಹಿಂದಕ್ಕೆ ಬಂದ. ಆಮೇಲೆ ಅಲ್ಲೇ ಸರ್ವೀಸ್ ರೋಡು ಬಂತು.

ನಾಲ್ಕು ಪಥದ ರಸ್ತೆ ತೆರೆದಾಗ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಷ್ಟು ನುಣುಪಾದ ರಸ್ತೆಯನ್ನು ನಾವು ಕಂಡಿರಲಿಲ್ಲ. ಎದುರುಬದುರು ಲಾರಿಗಳು ಡಿಕ್ಕಿ ಹೊಡೆಯುವುದು ಬಹಳ ಕಡಿಮೆಯಾಯಿತು. ಮೊದಲು ತಿಂಗಳಿಗೊಮ್ಮೆಯಾದರೂ ಜಾಕಿ ಹೊತ್ತುಕೊಂಡು ಓಡಿಹೋಗಿ, ನುಜ್ಜುಗುಜ್ಜಾದ ಕ್ಯಾಬಿನ್ ಎತ್ತಿ ಕಾಲು ಬಿಡಿಸುತ್ತಿದ್ದೆವು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಲಾರಿಯ ತೊಟ್ಟಿಯಲ್ಲಿ ಗಾಯಾಳುಗಳನ್ನು ಮಲಗಿಸಿ ಕಳಿಸುವುದೂ ತಪ್ಪಿತು. ರಸ್ತೆ ಅಗಲವಾಗಿ ಬದುಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಕೇಳುವ ಪ್ರಶ್ನೆಗಳೇ ಬದಲಾಗಿಬಿಟ್ಟವು. ಊರೆಲ್ಲಿ, ಊಟವೆಲ್ಲಿ ಎನ್ನುವುದು ನಿಂತಿತು. "ಅಣ್ಣಾ, ಆ ಕಡೆಗೆ ಹೋಗೋದು ಹೆಂಗೆ?" ಮೊದಲ ವರ್ಷ ದಿನಕ್ಕೆ ಹತ್ತು ಸಲ ಇದೇ ಪ್ರಶ್ನೆ. ಎದುರಿಗೇ ಕಾಣುವ ಡಾಬಾಕ್ಕೆ ಹೋಗಲು ಮುಂದೆ ಸಾಗಿ, ಕೆಳಸೇತುವೆಯಲ್ಲಿ ನುಗ್ಗಿ, ಮತ್ತೆ ಹಿಂದಕ್ಕೆ ಬರಬೇಕು ಎಂದರೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ನಮ್ಮೂರಿನವರಿಗೂ ಬರಲಿಲ್ಲ. ಮೂರು ಕಿಲೋಮೀಟರ್ ಸುತ್ತುವ ಬದಲು ಮುನ್ನೂರು ಅಡಿ ರಾಂಗ್ ಸೈಡಿನಲ್ಲಿ ಹೋದರಾಯಿತು ಎನ್ನುವ ಲೆಕ್ಕ. ನನ್ನ ಚಿಕ್ಕಪ್ಪನ ಮಗ ಶೇಂಗಾ ಹೇರಿದ್ದ ಟ್ರ್ಯಾಕ್ಟರನ್ನು ಹಾಗೇ ತಂದ. ಸಂಜೆ ಏಳು ಗಂಟೆ, ಟ್ರೇಲರಿಗೆ ಒಂದು ದೀಪವಿಲ್ಲ. ಎದುರಿಗೆ ಬಂದ ಲಾರಿಯವನಿಗೆ ಆ ಪಥದಲ್ಲಿ ಯಾರಾದರೂ ಎದುರು ಬಂದಾರು ಎಂಬ ಯೋಚನೆಯೇ ಇರಲು ಸಾಧ್ಯವಿಲ್ಲ. ಇಬ್ಬರೂ ಉಳಿಯಲಿಲ್ಲ.

ಮಾರನೆಯ ವಾರ ಅಪ್ಪ ಅಂಗಡಿಯ ತಗಡಿನ ಮೇಲೆ ನನ್ನ ಕೈಯಲ್ಲಿ ಬರೆಸಿದ: "ರಾಂಗ್ ಸೈಡ್ ಬಂದ ಗಾಡಿಗೆ ಗಾಳಿ ಇಲ್ಲ." ಸುಮ್ಮನೆ ಬರೆಸಿದ್ದಲ್ಲ. ಹಿಮ್ಮುಖವಾಗಿ ಬಂದ ಗಾಡಿಗಳನ್ನು ನಿಜವಾಗಿಯೂ ವಾಪಸು ಕಳಿಸುತ್ತಿದ್ದ. ಬೈದರು, ಕಾಸು ಹೆಚ್ಚು ಕೊಡುತ್ತೇವೆ ಎಂದರು, ಒಬ್ಬ ಲಿವರ್ ಎತ್ತಿಕೊಂಡು ಹೊಡೆಯಲೂ ಬಂದ. ಅಪ್ಪ ಕಂಪ್ರೆಸರಿನ ಸ್ವಿಚ್ಚು ಆರಿಸಿ ಕೂತುಬಿಡುತ್ತಿದ್ದ. ಆ ತಗಡು ಈಗಲೂ ಇದೆ, ಅಕ್ಷರಕ್ಕೆ ವರ್ಷವರ್ಷ ಬಣ್ಣ ತೀಡುತ್ತೇನೆ.

ನಾನು ಹೆವಿ ಲೈಸೆನ್ಸಿಗೆಂದು ಹೋದಾಗ ಸಿಕ್ಕ ರಸ್ತೆ ಚಿಹ್ನೆಗಳ ಚಾರ್ಟನ್ನು ಅಂಗಡಿಯ ಗೋಡೆಗೆ ಅಂಟಿಸಿದೆ. ಪ್ರಶ್ನೆ ಬಂದಾಗೆಲ್ಲ ಅದರ ಮುಂದೆ ನಿಲ್ಲಿಸುತ್ತೇನೆ. ಕೆಂಪು ಅಂಚಿನ ವೃತ್ತ ಅಪ್ಪಣೆ, ಮೀರಿದರೆ ದಂಡ. ತ್ರಿಕೋನ ಎಚ್ಚರಿಕೆ. ಚೌಕಾಕಾರ ಬರೀ ಮಾಹಿತಿ. ಅಕ್ಷರ ಬಾರದವನಿಗೂ ಆಕಾರ ಹೇಳುತ್ತದೆ. ನಿಲ್ಲು ಎನ್ನುವುದಕ್ಕೆ ಮಾತ್ರ ಎಂಟು ಮೂಲೆ, ದಾರಿ ಬಿಡು ಎನ್ನುವುದಕ್ಕೆ ಮಾತ್ರ ತಲೆಕೆಳಗಾದ ತ್ರಿಕೋನ. ಹಿಂಬದಿಯಿಂದ ನೋಡಿದರೂ, ಧೂಳು ಹಿಡಿದಿದ್ದರೂ ಗೊತ್ತಾಗಲಿ ಎಂದೇ ಆ ಬೇರೆ ಆಕಾರ. ಇದನ್ನು ಯೋಚಿಸಿದವರ ಮೇಲೆ ನನಗೆ ಬಹಳ ಗೌರವ.

ರಸ್ತೆಯಲ್ಲಿ ಮಿನುಗುವ ಗುಬ್ಬಿಗಳ ಬಗ್ಗೆ ಕೇಳದ ಕ್ಲೀನರ್ ಹುಡುಗನೇ ಇಲ್ಲ. ಎಡ ಅಂಚಿಗೆ ಕೆಂಪು, ಪಥಗಳ ನಡುವೆ ಬಿಳಿ, ಮೀಡಿಯನ್ ಕಡೆ ಹಳದಿ. ಡಿಸೆಂಬರಿನ ಮಂಜಿನಲ್ಲಿ ಏನೂ ಕಾಣದಿದ್ದಾಗ ಕೆಂಪು ನಿನ್ನ ಎಡಕ್ಕಿದ್ದರೆ, ಹಳದಿ ಬಲಕ್ಕಿದ್ದರೆ ನೀನು ಸರಿಯಾದ ಕಡೆ ಇದ್ದೀಯ ಎನ್ನುತ್ತೇನೆ. ಹಾಗೆಯೇ ಮೀಡಿಯನ್ನಿನ ಕಣಗಿಲೆ. ಚಂದಕ್ಕೆ ನೆಟ್ಟಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದಾರೆ. ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆಯದಂತೆ ಅದು ಹಸಿರು ಪರದೆ. ವಿಷದ ಗಿಡವಾದ್ದರಿಂದ ನಮ್ಮ ಮೇಕೆಗಳೂ ಬಾಯಿ ಹಾಕುವುದಿಲ್ಲ.

2010ರಲ್ಲಿ ಹೆದ್ದಾರಿಗಳ ನಂಬರನ್ನೇ ಬದಲಾಯಿಸಿದರು. ನಮ್ಮ 4 ಹೋಗಿ 48 ಆಯಿತು, ದೆಹಲಿಯಿಂದ ಚೆನ್ನೈವರೆಗೂ ಒಂದೇ ನಂಬರು. ಎಷ್ಟೋ ವರ್ಷ ಒಂದು ಬೋರ್ಡಿನಲ್ಲಿ 4, ಮುಂದಿನದರಲ್ಲಿ 48. ದಾರಿ ತಪ್ಪಿತೆಂದು ಹೆದರಿ ಗಾಡಿ ನಿಲ್ಲಿಸಿದವರು ಎಷ್ಟೋ ಮಂದಿ. ಅವರಿಗೆ ಹೇಳಲೆಂದೇ ಲೆಕ್ಕ ಕಲಿತೆ. ಉತ್ತರ–ದಕ್ಷಿಣಕ್ಕೆ ಹೋಗುವ ರಸ್ತೆಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಪೂರ್ವ–ಪಶ್ಚಿಮದ ರಸ್ತೆಗೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರಂಕಿಯಾದರೆ ಕವಲು: ಹಿರಿಯೂರಿನಲ್ಲಿ ನಮಗೆ ಅಡ್ಡ ಸಿಗುವ 150ಎ, ಕಡೆಯ ಎರಡಂಕಿ ನೋಡಿದರೆ 50ರ ಮಗ. ಇಷ್ಟು ಹೇಳಿದರೆ ಡ್ರೈವರುಗಳ ಮುಖ ಅರಳುತ್ತದೆ. ಜೀವಮಾನವಿಡೀ ಆ ನಂಬರುಗಳ ಮೇಲೆ ಓಡಿದವರಿಗೆ ಒಬ್ಬರೂ ಇದನ್ನು ಹೇಳಿರಲಿಲ್ಲ. 2014ರ ರಾಜ್ಯೋತ್ಸವಕ್ಕೆ ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ರಾಜಸ್ಥಾನದ ಒಬ್ಬ, "ತುಮ್ಕೂರ್ ಬೇರೆ, ತುಮಕೂರು ಬೇರೆಯಾ?" ಎಂದು ಕೇಳಿದ. ಒಂದೇ ಎಂದು ತಿಳಿದು ನಿಟ್ಟುಸಿರು ಬಿಟ್ಟ. ಎರಡು ಕಡೆ ಮಾಲು ಇಳಿಸಬೇಕೇನೋ ಎಂದುಕೊಂಡಿದ್ದನಂತೆ.

ಟೋಲಿನ ಪ್ರಶ್ನೆಗಳು ಬೇರೆಯೇ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಾಗ, ಸ್ಟಿಕರ್ ಇದ್ದರೂ ಖಾತೆಯಲ್ಲಿ ದುಡ್ಡಿಲ್ಲದೆ ಎರಡು ಪಟ್ಟು ಕಟ್ಟಿ ಬಂದವರ ಸಿಟ್ಟನ್ನು ನಾವೇ ಕೇಳಿಸಿಕೊಂಡೆವು. ಇಪ್ಪತ್ತು ಕಿಲೋಮೀಟರ್ ಒಳಗಿರುವವರ ಸ್ವಂತ ಕಾರಿಗೆ ತಿಂಗಳ ಪಾಸು ಇದೆ ಎನ್ನುವುದು ನಮ್ಮೂರಲ್ಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ರಸ್ತೆ ಆರು ಪಥವಾಗುತ್ತಿದ್ದ ವರ್ಷಗಳಲ್ಲೇ ಟ್ಯೂಬ್‌ಲೆಸ್ ರೇಡಿಯಲ್ ಟೈರುಗಳು ಬಂದವು. ಮೊಳೆ ಚುಚ್ಚಿದರೂ ಗಾಡಿ ನಿಲ್ಲುವುದಿಲ್ಲ, ನಿಂತರೂ ಹತ್ತು ನಿಮಿಷದ ಕೆಲಸ. ಅಪ್ಪ ಗಾಳಿ ತುಂಬುವಾಗ ಲಾಕ್ ರಿಂಗು ಹಾರೀತೆಂದು ಚಕ್ರಕ್ಕೆ ಸುತ್ತುತ್ತಿದ್ದ ಸರಪಳಿ ಈಗ ಗೂಡಿನಲ್ಲಿದೆ. ಮಾತಿಗೆ ಹೊತ್ತಿಲ್ಲ. ದಾರಿ ಫೋನು ಹೇಳುತ್ತದೆ, ಎದುರಿನ ಸುದ್ದಿಯೂ ಅದರಲ್ಲೇ ಬರುತ್ತದೆ.

ಫೋನು ಕೈಕೊಟ್ಟ ಒಂದು ರಾತ್ರಿ ಮಾತ್ರ ನೆನಪಿದೆ. ಮಳೆ. ಎರಡು ಟೈರು ಒಟ್ಟಿಗೆ ಒಡೆದು ಸೇಲಂನ ಡ್ರೈವರೊಬ್ಬ ನಿಂತುಬಿಟ್ಟಿದ್ದ. ಹಿಂದೆ ಯಾವಾಗಲೋ ಬರೆದುಕೊಂಡಿದ್ದ ನನ್ನ ನಂಬರಿಗೆ ಕರೆ ಮಾಡಿದ. ಎಲ್ಲಿದ್ದೀಯ ಎಂದರೆ "ರೋಡ್‌ನಲ್ಲಿ" ಎನ್ನುತ್ತಾನೆ. ಸುತ್ತ ಕತ್ತಲು, ನೆಟ್ ಇಲ್ಲ, ಹಿಂದಿನ ದೀಪವೂ ಸತ್ತಿದೆ. ನಿಂತ ಲಾರಿಗೆ ಹಿಂದಿನಿಂದ ನುಗ್ಗುವುದೇ ಈ ರಸ್ತೆಯಲ್ಲಿ ಈಗಿನ ದೊಡ್ಡ ಸಾವು. "ಎಡಕ್ಕೆ ಇಳಿದು ಬೇಲಿ ಹಿಡಿದು ನಡಿ, ಕಲ್ಲು ಸಿಗ್ತದೆ, ಇಲ್ಲಾಂದ್ರೆ ಮೋರಿ ಗೋಡೆ ಮೇಲೆ ಭಿನ್ನರಾಶಿ ಥರ ಬರೆದಿರ್ತಾರೆ, ಓದು" ಎಂದೆ. ಮೋರಿಯ ಮೇಲಿನ ಆ ಬರಹದಲ್ಲಿ ಮೊದಲಿನದು ಎಷ್ಟನೇ ಕಿಲೋಮೀಟರು, ಆಮೇಲಿನದು ಆ ಕಿಲೋಮೀಟರಿನ ಎಷ್ಟನೇ ಮೋರಿ. ಅವನು ಟಾರ್ಚ್ ಹಾಕಿ ಓದಿದ. ನಾನು ಹೆದ್ದಾರಿ ಸಹಾಯವಾಣಿ 1033ಕ್ಕೆ ಅದೇ ನಂಬರು ಹೇಳಿ, ಮಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಗಸ್ತಿನ ಗಾಡಿಯವರು ನಮಗಿಂತ ಮುಂಚೆ ಹೋಗಿ ಕಿತ್ತಳೆ ಕೋನುಗಳನ್ನು ಇಟ್ಟಿದ್ದರು. ಅವನು ಬೇಲಿಯ ಹೊರಗೆ ನೆನೆಯುತ್ತಾ ನಿಂತಿದ್ದ. ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ದೂರದಿಂದ ಬಂದವರ ಪ್ರಶ್ನೆಗಳಿಗೆಲ್ಲ ಈ ರಸ್ತೆಯಲ್ಲಿ ಎಲ್ಲಾದರೊಂದು ಕಡೆ ಉತ್ತರ ಬರೆದಿದೆ. ನೂರು ಮೀಟರಿನಿಂದಲೇ ಹೊಳೆಯುವ ಹಸಿರು ಬೋರ್ಡಿದೆ, ಬಾಣವಿದೆ. ನಮ್ಮೂರಿನ ಹೆಸರು ಯಾವ ಹಸಿರು ಬೋರ್ಡಿನಲ್ಲೂ ಇಲ್ಲ. ಇರಬೇಕೆಂದು ನಾನು ಕೇಳುವುದಿಲ್ಲ. ಆದರೆ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ, ಕೆಳಸೇತುವೆ ಒಂದೂವರೆ ಕಿಲೋಮೀಟರ್ ಆಚೆ. ಅದನ್ನು ಊರಿನ ಬಾಯಿಗೇ ಇಟ್ಟಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೆಂದು ಅರ್ಜಿಗಳಲ್ಲಿ ಬರೆದೆವು. ಅರ್ಜಿ ಕೊಟ್ಟವರಲ್ಲಿ ಮೂವರು ಈಗಿಲ್ಲ. ಅಪ್ಪನೂ ಅವರಲ್ಲೊಬ್ಬ.

ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಆಚೆ ದಡದ ಕೊಟ್ಟಿಗೆಯಲ್ಲಿ ಅವಳ ಎಮ್ಮೆ. ಬೆಳಗಿನ ಜಾವ ಐದೂವರೆಗೆ ಹಾಲಿನ ಕ್ಯಾನು ಹಿಡಿದು ಅಂಗಡಿಯ ಮುಂದೆ ಬಂದು ನಿಲ್ಲುತ್ತಾಳೆ. ಸುತ್ತಿಕೊಂಡು ಹೋಗಜ್ಜೀ, ಬೈಕಿನಲ್ಲಿ ಬಿಡ್ತೀನಿ ಎಂದರೆ ಮೊಣಕಾಲು ತೋರಿಸುತ್ತಾಳೆ, ಬೈಕು ಹತ್ತಲಾರಳು. ಕಣ್ಣಿಗೆ ಪೊರೆ, ದೂರದ ದೀಪ ಒಂದೋ ಎರಡೋ ತಿಳಿಯುವುದಿಲ್ಲ. ಹಾಗಾಗಿ ನನ್ನನ್ನು ಕೇಳುತ್ತಾಳೆ.

"ಈಗ ದಾಟ್ಲೇನಪ್ಪಾ?"

ನಾನು ಬಲಕ್ಕೆ ನೋಡುತ್ತೇನೆ. ಮೂರು ಪಥ. "ತಡೀ ಅಜ್ಜೀ, ಬಸ್ಸು ಬತ್ತೈತೆ." ಬಸ್ಸು ಹೋಗುತ್ತದೆ. ಅದರ ಹಿಂದೆ ಕಾರು. ಕ್ಯಾನನ್ನು ನಾನು ಹಿಡಿದುಕೊಂಡು, ಅವಳ ರಟ್ಟೆಗೆ ಕೈ ಕೊಟ್ಟು, ಕಣಗಿಲೆ ಸಾಲಿನವರೆಗೆ ನಡೆಸುತ್ತೇನೆ. ಅಲ್ಲಿ ನಿಂತು, ಇನ್ನೊಂದು ಕಡೆಗೆ ನೋಡುತ್ತೇವೆ.