ಲಾರಿಗೆ ತೀರ್ಥ ಹಾಕುವ ಮುಂಚೆ

ಹೊಸ ವಾಹನ ಕೊಂಡವರು ಅದನ್ನು ಮೊದಲು ದೇವಾಲಯದ ಅಂಗಳಕ್ಕೆ ತಂದು ನಿಲ್ಲಿಸುವುದು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಬಂದಿರುವ ಒಳ್ಳೆಯ ರೂಢಿ. ಗುರುಗಳು ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸುತ್ತಾರೆ. ಮನೆಯವರು ಮಿಠಾಯಿ ಹಂಚುತ್ತಾರೆ. ಕನ್ನಡಿಗೆ ಒಂದು ಜಪಸರ ತೂಗುಬೀಳುತ್ತದೆ. ಇಷ್ಟಾದ ಮೇಲೆ ವಾಹನ ರಸ್ತೆಗೆ ಇಳಿಯುತ್ತದೆ. ಆದರೆ ಆ ವಾಹನ ಹಳತಾದ ಮೇಲೆ ಅದನ್ನು ಮತ್ತೆ ಅಂಗಳಕ್ಕೆ ತರುವವರು ಕಡಿಮೆ. ಹಾಗೆ ತಂದವರೊಬ್ಬರ ವಿಷಯವನ್ನು ಈ ಸಲ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಾನಿರುವುದು ಆದೋನಿ ಸೀಮೆಯಲ್ಲಿ. ನಮ್ಮ ಹಿರಿಯರು ಇದನ್ನು ಇನ್ನೂ ಆದವಾನಿ ಎಂದೇ ಕರೆಯುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಉಳಿಯಿತು. ಭೂಪಟದ ಮೇಲೆ ಗೆರೆ ಬಿದ್ದರೂ ಜನರ ಓಡಾಟ ನಿಲ್ಲಲಿಲ್ಲ. ಇಂದಿಗೂ ಹೊಳಗುಂದಿ, ಕೌತಾಳಂ ಕಡೆ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಆದೋನಿಯ ಹತ್ತಿ ಮಾರುಕಟ್ಟೆಯಾಗಲಿ, ಜಿನ್ನಿಂಗ್ ಮಿಲ್ಲುಗಳಾಗಲಿ, ಸಿರುಗುಪ್ಪದ ಕಡೆಯ ಭತ್ತವಾಗಲಿ ಎಲ್ಲವೂ ಲಾರಿಯ ಮೇಲೆಯೇ ನಿಂತಿವೆ. ಆದ್ದರಿಂದ ನಮ್ಮ ಧರ್ಮಕೇಂದ್ರಗಳಲ್ಲಿ ಡ್ರೈವರು, ಕ್ಲೀನರು, ಹಮಾಲರ ಮನೆಗಳು ಬಹಳ.

ಅಂತಹ ಮನೆಯ ಒಬ್ಬರು ಹತ್ತಿ ಸೀಸನ್ ಶುರುವಾಗುವ ಹೊತ್ತಿಗೆ, ಒಂದು ಸಂಜೆ ಬಲಿಪೂಜೆ ಮುಗಿದ ಮೇಲೆ, ಹೆಂಡತಿಯೊಡನೆ ನನ್ನ ಕೋಣೆಗೆ ಬಂದರು. ಅವರದು ಒಂದೇ ಲಾರಿ, ಅವರೇ ಮಾಲೀಕರು, ಅವರೇ ಡ್ರೈವರು. ಆರು ಚಕ್ರದ ಆ ಲಾರಿ 2007ರ ಮಾಡೆಲ್. ಮೊದಲು ಸಂಡೂರು, ಹೊಸಪೇಟೆ ಕಡೆ ಅದಿರು ಹೊತ್ತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಷ್ಟೋ ಲಾರಿಗಳು ಕೆಲಸವಿಲ್ಲದೆ ನಿಂತವು. ಆಗ ಇವರು ಅದನ್ನು ಸಾಲ ಮಾಡಿ ಕೊಂಡಿದ್ದರು. ಅಂದಿನಿಂದ ಆ ಲಾರಿಯೇ ಅವರ ಸಂಸಾರಕ್ಕೆ ಅನ್ನ ಕೊಟ್ಟಿದೆ.

ಈಗ ಅದು ಎಫ್.ಸಿ.ಯಲ್ಲಿ ಫೇಲಾಗಿತ್ತು. ಸರಕು ಸಾಗಿಸುವ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಫಿಟ್‌ನೆಸ್ ಪರೀಕ್ಷೆ ಆಗಬೇಕು. ಎಫ್.ಸಿ. ಇಲ್ಲದ ಲಾರಿಯನ್ನು ಮೋಟಾರು ವಾಹನ ಕಾಯ್ದೆ ಸರಿಯಾದ ನೋಂದಣಿಯೇ ಇಲ್ಲದ ವಾಹನವೆಂದು ಎಣಿಸುತ್ತದೆ. ಪರೀಕ್ಷೆ ಮಾಡುವ ಅಧಿಕಾರಿಗೆ ಸರ್ಕಾರ ಕೊಟ್ಟ ಹೆಸರು ಮೋಟಾರು ವಾಹನ ನಿರೀಕ್ಷಕ. ನಮ್ಮ ಜನ ಮಾತ್ರ ಅವರನ್ನು ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುತ್ತಾರೆ. ದೀಪ, ಹಾರ್ನು, ವೈಪರು, ಸ್ಟೀರಿಂಗು, ಹೊಗೆ ಇವೆಲ್ಲವನ್ನೂ ಅವರು ನೋಡುತ್ತಾರೆ. ಆದರೂ ಜನರ ಬಾಯಲ್ಲಿ ಬ್ರೇಕೇ ಉಳಿದಿದೆ. ಜನ ಇಟ್ಟ ಹೆಸರಿನಲ್ಲಿ ವಿವೇಕವಿದೆ.

ಬ್ರೇಕು ಹಾಕಿದಾಗ ಲಾರಿ ಎಡಕ್ಕೆ ಎಳೆಯುತ್ತಿತ್ತು. ಹ್ಯಾಂಡ್ ಬ್ರೇಕು ಇಳಿಜಾರಿನಲ್ಲಿ ನಿಲ್ಲುತ್ತಿರಲಿಲ್ಲ. ರಿಪೇರಿ ಮಾಡಿಸಿ ಮತ್ತೆ ತನ್ನಿ ಎಂದು ಬರೆದು ಕಳಿಸಿದ್ದರು. ಹೊರಗೆ ನಿಂತಿದ್ದ ಒಬ್ಬ ಮಧ್ಯವರ್ತಿ, ಇಷ್ಟು ಕೊಟ್ಟರೆ ಲಾರಿ ತರುವ ಕೆಲಸವೂ ಇಲ್ಲ, ಕಾಗದ ಮನೆಗೆ ಬರುತ್ತದೆ ಎಂದಿದ್ದನಂತೆ. ಅಷ್ಟು ಹಣವೂ ಇವರ ಹತ್ತಿರ ಇರಲಿಲ್ಲ. ಆದ್ದರಿಂದ ನನ್ನ ಬಳಿ ಬಂದಿದ್ದರು. ನನಗೆ ಪರಿಚಯವಿರುವ ಒಬ್ಬ ಅಧಿಕಾರಿಗೆ ಒಂದು ಚೀಟಿ ಬರೆದುಕೊಡಬೇಕು, ಲಾರಿಗೆ ಇನ್ನೊಮ್ಮೆ ತೀರ್ಥ ಹಾಕಬೇಕು. ಇವೆರಡೇ ಅವರ ಕೋರಿಕೆ.

“ನೀವು ಒಂದು ಮಾತು ಹೇಳಿದ್ರೆ ಆಗ್ತದೆ ಫಾದರ್. ಬ್ರೇಕು ಹಿಡೀತದೆ, ನನ್ನ ಕಾಲಿಗೆ ಗೊತ್ತು. ಇಪ್ಪತ್ತೈದು ವರ್ಷ ಆತು ಸ್ಟೀರಿಂಗ್ ಹಿಡಿದು, ಒಂದು ಕೋಳಿಗೂ ತಾಗಿಸಿಲ್ಲ,” ಎಂದರು.

ಅದು ಸುಳ್ಳಲ್ಲ. ಅವರು ಕುಡಿಯುವವರಲ್ಲ, ವೇಗದ ಹುಚ್ಚಿನವರೂ ಅಲ್ಲ. ಮಗಳ ನರ್ಸಿಂಗ್ ಕಾಲೇಜಿನ ಫೀಜು ಕಟ್ಟುವ ತಿಂಗಳು ಅದು. ಫೈನಾನ್ಸಿನ ಕಂತು ಬಾಕಿ. 2022ರಿಂದ 15 ವರ್ಷ ದಾಟಿದ ವಾಹನಗಳ ಎಫ್.ಸಿ. ಶುಲ್ಕವೂ ಹಲವು ಪಟ್ಟು ಏರಿದೆ. ಹತ್ತಿ ಬರುವ ನಾಲ್ಕು ತಿಂಗಳ ದುಡಿಮೆಯಲ್ಲಿ ವರ್ಷವೆಲ್ಲ ಬದುಕುವವರಿಗೆ ಒಂದು ವಾರ ಲಾರಿ ನಿಂತರೂ ಹೊಟ್ಟೆಗೆ ಹೊಡೆತ. ಇದೆಲ್ಲ ಗೊತ್ತಿದ್ದೂ ನಾನು, “ಚೀಟಿ ಕೊಡಕ್ಕಾಗಲ್ಲ ಅಣ್ಣಾ,” ಎಂದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಡವನಿಗೆ ಇಲ್ಲವೆನ್ನುವುದು ಗುರುವಿಗೆ ಸುಲಭದ ಕೆಲಸವಲ್ಲ.

ಕೊನೆಗೆ ಅವರ ಹೆಂಡತಿಯೇ ಬಾಯಿ ಬಿಟ್ಟರು. “ರಿಪೇರಿಗೆ ಎಷ್ಟಾಗ್ತದೆ ಅಂತ ಮೊದ್ಲು ಕೇಳ್ರಿ. ಕೇಳದೇ ಯಾಕೆ ಹೆದರ್ತೀರಿ?”

ಮರುದಿನ ನಾನೂ ಅವರ ಜೊತೆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ವಯಸ್ಸಾದ ಮುಸಲ್ಮಾನರು, ಊರೆಲ್ಲ ಅವರನ್ನು ಭಾಯಿ ಎನ್ನುತ್ತದೆ. ಚಕ್ರ ಬಿಚ್ಚಿ ಡ್ರಮ್ಮು ತೆಗೆದು, “ಫಾದರ್ ಸಾಬ್, ಇಲ್ಲಿ ನೋಡಿ,” ಎಂದು ಕರೆದರು. ಮುಂದಿನ ಬಲಗಡೆ ಹಬ್ಬಿನ ಆಯಿಲ್ ಸೀಲು ಹೋಗಿ ಲೈನರು ಗ್ರೀಸಿನಲ್ಲಿ ನೆನೆದಿತ್ತು. ಬಲಗಡೆ ಹಿಡಿಯದೆ ಎಡಗಡೆ ಮಾತ್ರ ಹಿಡಿದರೆ ಲಾರಿ ಎಡಕ್ಕೆ ಎಳೆಯದೆ ಇನ್ನೇನು ಮಾಡೀತು! ಹಿಂದಿನ ಲೈನರುಗಳು ರಿವಿಟ್ ಕಾಣುವಷ್ಟು ಸವೆದಿದ್ದವು. ಆ ರಿವಿಟ್ಟುಗಳು ಉಜ್ಜಿ ಎರಡು ಡ್ರಮ್ಮುಗಳಲ್ಲಿ ಗೆರೆ ಬಿದ್ದಿತ್ತು.

ಭಾಯಿ ಅಂದು ಹೇಳಿಕೊಟ್ಟದ್ದನ್ನು ಸರಳವಾಗಿ ಹೇಳುತ್ತೇನೆ. ಇಂತಹ ಲಾರಿಯ ಬ್ರೇಕು ಗಾಳಿಯಿಂದ ನಡೆಯುತ್ತದೆ. ಇಂಜಿನ್ನಿನ ಕಂಪ್ರೆಸರು ಗಾಳಿಯನ್ನು ಟ್ಯಾಂಕಿಗೆ ತುಂಬುತ್ತದೆ. ಪೆಡಲ್ ಒತ್ತಿದಾಗ ಆ ಗಾಳಿ ಪ್ರತಿ ಚಕ್ರದ ಹತ್ತಿರವಿರುವ ಡಬ್ಬಿಗೆ ನುಗ್ಗಿ ಒಂದು ಕಂಬಿಯನ್ನು ತಳ್ಳುತ್ತದೆ. ಕಂಬಿ ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುತ್ತದೆ. ಆ ತೋಳು ಇಂಗ್ಲಿಷಿನ ಎಸ್ ಅಕ್ಷರದಂತಿರುವ ಕ್ಯಾಮನ್ನು ತಿರುಗಿಸಿ, ಎರಡು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಲೈನರು ಸವೆದಂತೆ ಕಂಬಿ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಅದರ ಬಲ ತಟ್ಟನೆ ಕುಸಿಯುತ್ತದೆ. ಹಳೆಯ ಲಾರಿಗಳಲ್ಲಿ ಈ ಸಡಿಲವನ್ನು ಆಗಾಗ ಸ್ಪ್ಯಾನರಿನಿಂದ ಕೈಯಲ್ಲೇ ಬಿಗಿ ಮಾಡಬೇಕು. ಒಂದು ಚಕ್ರ ಹೆಚ್ಚು ಬಿಗಿಯಾಗಿ ಇನ್ನೊಂದು ಕಡಿಮೆಯಾದರೆ ಲಾರಿ ಒಂದು ಕಡೆಗೆ ಎಳೆಯುತ್ತದೆ. ತನ್ನಷ್ಟಕ್ಕೆ ತಾನೇ ಸಡಿಲವನ್ನು ತೆಗೆದುಕೊಳ್ಳುವ ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರುಗಳು ಈಗ ಸಿಗುತ್ತವೆ. ಅವನ್ನೇ ಹಾಕಿಸಿ ಎಂದು ಭಾಯಿ ಒತ್ತಾಯ ಮಾಡಿದರು.

2015ರ ನಂತರ ಬಂದ ಭಾರಿ ಲಾರಿಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಅದನ್ನೇ ಇದಕ್ಕೂ ಜೋಡಿಸಬಹುದೇ ಎಂದು ಕೇಳಿದೆ. “ಹಳೇ ಗಾಡಿಗೆ ಅದು ಬೇಡ ಸಾಬ್. ಇದ್ದದ್ದನ್ನ ಸರಿ ಮಾಡಿದ್ರೆ ಸಾಕು, ನಿಲ್ತದೆ,” ಎಂದರು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಕಾಯ್ದೆಯೂ ಒಪ್ಪುವುದಿಲ್ಲ. ಆ ಮಾಡೆಲಿಗೆ ಒಪ್ಪುವ ಸಾಮಾನನ್ನೇ ಬಿಲ್ಲಿನೊಡನೆ ಕೊಳ್ಳಬೇಕು. ಒಂದು ಆಕ್ಸಲಿನ ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು, ಎಡಕ್ಕೆ ಹೊಸತು ಬಲಕ್ಕೆ ಹಳೆಯದು ಎಂದರೆ ಹಾಕಿಸಿದ್ದೂ ದಂಡ.

ಹ್ಯಾಂಡ್ ಬ್ರೇಕಿನ ವಿಷಯ ನನಗೆ ಬಹಳ ಹಿಡಿಸಿತು. ಹಿಂದಿನ ಚಕ್ರದ ಡಬ್ಬಿಯೊಳಗೆ ಭಾರಿ ಸ್ಪ್ರಿಂಗು ಇರುತ್ತದೆ. ಓಡುವಾಗ ಗಾಳಿ ಅದನ್ನು ಅದುಮಿ ಹಿಡಿದಿರುತ್ತದೆ. ಗಾಳಿ ಬಿಟ್ಟರೆ, ಅಥವಾ ಪೈಪು ಒಡೆದು ಗಾಳಿ ಹೋದರೆ, ಸ್ಪ್ರಿಂಗು ಚಿಮ್ಮಿ ತಾನೇ ಬ್ರೇಕು ಹಿಡಿಯುತ್ತದೆ. ಈ ಲಾರಿಯಲ್ಲಿ ಒಂದು ಕಡೆಯ ಸ್ಪ್ರಿಂಗು ಮುರಿದಿತ್ತು. ಆ ಡಬ್ಬಿಯನ್ನು ಗೊತ್ತಿಲ್ಲದವರು ಬಿಚ್ಚಬಾರದು, ಒಳಗಿನ ಸ್ಪ್ರಿಂಗು ಹಾರಿದರೆ ಜೀವ ತೆಗೆಯುತ್ತದೆ ಎಂದು ಹೇಳಿ ಭಾಯಿ ಹುಡುಗರನ್ನು ದೂರ ನಿಲ್ಲಿಸಿದರು.

ಲೈನರು, ಎರಡು ಡ್ರಮ್ಮು, ನಾಲ್ಕು ಅಡ್ಜಸ್ಟರು, ಸ್ಪ್ರಿಂಗ್ ಡಬ್ಬಿ, ಸೀಲು, ಕೂಲಿ ಎಲ್ಲ ಸೇರಿ ಲೆಕ್ಕ ನಲವತ್ತು ಸಾವಿರ ಮುಟ್ಟಿತು. ಹೆಂಡತಿ ತಮ್ಮ ಡ್ವಾಕ್ರಾ ಸಂಘದಿಂದ ಸಾಲ ತೆಗೆದರು. ಭಾಯಿ ಕೂಲಿಯ ಅರ್ಧವನ್ನು ಸೀಸನ್ ಆದ ಮೇಲೆ ಕೊಡಿ ಎಂದರು. ನಾನು ಒಂದು ಪತ್ರ ಬರೆದೆ. ಅಧಿಕಾರಿಗಲ್ಲ, ಮಗಳ ಕಾಲೇಜಿಗೆ: ಫೀಜಿಗೆ ಎರಡು ತಿಂಗಳು ಕಾಲಾವಕಾಶ ಕೊಡಿ ಎಂದು. ಅವರು ಒಪ್ಪಿದರು. ಗುರುವಿನ ಚೀಟಿಗೆ ಬೆಲೆಯಿದ್ದರೆ ಅದನ್ನು ಇಂತಹ ಕಡೆ ಖರ್ಚು ಮಾಡಬೇಕು.

ಒಂಬತ್ತನೆಯ ದಿನ ಲಾರಿ ಮತ್ತೆ ಪರೀಕ್ಷೆಗೆ ಹೋಯಿತು. ಇನ್‌ಸ್ಪೆಕ್ಟರ್ ತಾವೇ ಹತ್ತಿ ಓಡಿಸಿ ಬ್ರೇಕು ಹಾಕಿದರು. ಲಾರಿ ನೇರವಾಗಿ ನಿಂತಿತು. ಏರಿನಲ್ಲಿ ಹ್ಯಾಂಡ್ ಬ್ರೇಕಿಗೆ ಬಿಟ್ಟಾಗಲೂ ಕದಲಲಿಲ್ಲ. ಎಫ್.ಸಿ. ಸಿಕ್ಕಿತು. ಈಗ ಅಲ್ಲಲ್ಲಿ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳು ಬರುತ್ತಿವೆ. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಎಡ ಬಲಗಳ ಹಿಡಿತವನ್ನು ಯಂತ್ರವೇ ಅಳೆಯುತ್ತದೆ. ಯಂತ್ರಕ್ಕೆ ಯಾರ ಚೀಟಿಯೂ ಓದಲು ಬರುವುದಿಲ್ಲ.

ಆ ಸಂಜೆ ಅವರು ಹೇಳಿದ ಒಂದು ಮಾತನ್ನು ನಾನು ಮರೆತಿಲ್ಲ. “ಫಾದರ್, ನಾನು ಇಷ್ಟು ದಿನ ಎಷ್ಟು ಮುಂಚೆ ಕಾಲು ಒತ್ತುತ್ತಿದ್ದೆ ಅಂತ ಇವತ್ತು ಗೊತ್ತಾತು.” ಬ್ರೇಕು ಒಂದೇ ದಿನದಲ್ಲಿ ಹೋಗುವುದಿಲ್ಲ. ದಿನಕ್ಕೆ ಕೂದಲಿನಷ್ಟು ಸವೆಯುತ್ತದೆ. ಒಳ್ಳೆಯ ಡ್ರೈವರ್ ತನಗೇ ತಿಳಿಯದಂತೆ ಸ್ವಲ್ಪ ಮುಂಚೆ ಒತ್ತುತ್ತಾನೆ, ಸ್ವಲ್ಪ ಸ್ಟೀರಿಂಗ್ ಬಲಕ್ಕೆ ಹಿಡಿಯುತ್ತಾನೆ. ಅವನ ಜಾಣತನವೇ ಲಾರಿಯ ದೋಷವನ್ನು ಮುಚ್ಚಿಬಿಡುತ್ತದೆ. ಹೊರಗಿನ ಒಬ್ಬರು ಹತ್ತಿ ಓಡಿಸಿದಾಗ ಮಾತ್ರ ಅದು ಕಾಣುತ್ತದೆ. ನಮ್ಮ ಮನಸ್ಸಾಕ್ಷಿಯೂ ಹೀಗೆಯೇ ಸವೆಯುತ್ತದೆ. ಪಾಪನಿವೇದನೆಯನ್ನು ಒಬ್ಬರೇ ಕನ್ನಡಿ ಮುಂದೆ ಮಾಡದೆ ಇನ್ನೊಬ್ಬರ ಮುಂದೆ ಮಾಡುವುದರ ಅರ್ಥವನ್ನು ಡ್ರೈವರುಗಳಿಗೆ ತಿಳಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಪವಿತ್ರ ಗ್ರಂಥದಲ್ಲಿ ಲಾರಿ ಇಲ್ಲ, ನಿಜ. ಆದರೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕೆಂಬ ಆಜ್ಞೆಯಿದೆ. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ಗೋಡೆ ಕಟ್ಟದವನು ಯಾರನ್ನೂ ತಳ್ಳಲಿಲ್ಲ, ಆದರೂ ಹೊಣೆ ಅವನದೇ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ತನ್ನ 2290ನೆಯ ಸಂಖ್ಯೆಯಲ್ಲಿ ಕುಡಿತ ಮತ್ತು ವೇಗದ ಮೋಹದಿಂದ ರಸ್ತೆಯಲ್ಲಿ ಪರರ ಜೀವಕ್ಕೆ ಅಪಾಯ ತರುವುದನ್ನು ಗಂಭೀರ ದೋಷವೆಂದು ಐದನೆಯ ಆಜ್ಞೆಯ ಕೆಳಗೇ ಇಟ್ಟಿದೆ. 2007ರ ಜೂನ್‌ನಲ್ಲಿ ವ್ಯಾಟಿಕನ್ ಹೊರತಂದ ರಸ್ತೆ ಪಾಲನಾ ಮಾರ್ಗದರ್ಶಿಯಲ್ಲಿ ಚಾಲಕರಿಗೆಂದೇ ಹತ್ತು ಆಜ್ಞೆಗಳಿವೆ. ಅವುಗಳಲ್ಲಿ ಮೊದಲನೆಯದು ಕೊಲ್ಲಬಾರದೆಂಬುದೇ, ಕೊನೆಯದು ಪರರ ಬಗ್ಗೆ ಹೊಣೆಯರಿತಿರಬೇಕೆಂಬುದು.

2022ನೆಯ ವರ್ಷ ಒಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಮ್ಮ ಕಾಲು ಪೆಡಲ್ ಮುಟ್ಟುವುದರೊಳಗೆ ಅಷ್ಟು ದೂರ ಹೋಗಿಯೇ ಬಿಟ್ಟಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಅಂಡಿಗೆ ಹೇರಿದ ಲಾರಿಯ ಮುಂದೆ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಗು ಎಫ್.ಸಿ. ಕಾಗದವನ್ನು ಓದುವುದಿಲ್ಲ. ಅದನ್ನು ಕಾಯುವುದು ಲೈನರು.

ಪ್ರಿಯ ಕುಟುಂಬಗಳೇ, ಲಾರಿ ಇಲ್ಲದವರಿಗೂ ಇದರಲ್ಲಿ ಪಾಲಿದೆ. ನಿಮ್ಮ ಬೈಕಿನ ಬ್ರೇಕು, ಮಕ್ಕಳನ್ನು ಶಾಲೆಗೆ ಒಯ್ಯುವ ಆಟೋದ ಟೈರು, ಕೂಲಿಯವರನ್ನು ಹೊಲಕ್ಕೆ ಕರೆದೊಯ್ಯುವ ಟ್ರ್ಯಾಕ್ಟರಿನ ದೀಪ ಇವನ್ನು ತಿಂಗಳಿಗೊಮ್ಮೆ ನೋಡಿ. ಲಾರಿ ಇರುವವರು ಏರ್ ಟ್ಯಾಂಕಿನ ನೀರನ್ನು ದಿನವೂ ಬಿಡಿ. ಬ್ರೇಕು ಎಳೆದರೆ ಬಾಡಿಗೆ ಮುಗಿಯಲಿ ಎಂದು ಕಾಯಬೇಡಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕಿನ ಮೇಲೆಯೇ ಕಾಲಿಟ್ಟರೆ ಡ್ರಮ್ಮು ಕಾಯ್ದು ಹಿಡಿತ ಹೋಗುತ್ತದೆ. ಮನೆಯ ಹೆಣ್ಣುಮಕ್ಕಳು ಕೇಳಲು ಹಿಂಜರಿಯಬಾರದು. ಮೇಲೆ ಹೇಳಿದ ಮನೆಯಲ್ಲಿ ದಾರಿ ತೆರೆದದ್ದು ಹೆಂಡತಿಯ ಒಂದು ಪ್ರಶ್ನೆ.

ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಹಬ್ಬ ಜುಲೈ 25ರಂದು ಬರುತ್ತದೆ. ಅದರ ಹತ್ತಿರದ ಭಾನುವಾರ ನಮ್ಮ ಅಂಗಳದಲ್ಲಿ ವಾಹನಗಳ ಆಶೀರ್ವಾದವಿರುತ್ತದೆ. ಈ ವರ್ಷ ಭಾಯಿಯೂ ತಮ್ಮ ಹುಡುಗರೊಡನೆ ಬರಲು ಒಪ್ಪಿದ್ದಾರೆ. ಮೊದಲು ಅವರು ಬ್ರೇಕು ನೋಡುತ್ತಾರೆ, ಆಮೇಲೆ ನಾನು ತೀರ್ಥ ಹಾಕುತ್ತೇನೆ. ನಿಮ್ಮ ನಿಮ್ಮ ಧರ್ಮಕೇಂದ್ರಗಳಲ್ಲಿಯೂ ಇದನ್ನು ಮಾಡಬಹುದು. ಒಬ್ಬ ಮೇಸ್ತ್ರಿ, ಒಂದು ಜ್ಯಾಕು, ಅರ್ಧ ದಿನ, ಇಷ್ಟು ಸಾಕು. ಹೋದವರೆಲ್ಲ ಸುಖವಾಗಿ ಮನೆಗೆ ಮರಳುವಂತೆ ಪ್ರಭು ಕಾಯಲಿ.