ಹಳೆಯ ಕಾರಿಗೆ ಹೊಸ ಟ್ಯೂನರು

ಖಜೂರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ಅವನ ಬಳಿ ಹಳೆಯ ಅಂಬಾಸಿಡರ್ ಕಾರಿದೆ. ವಯಸ್ಸಾದ ತಾಯಿಯನ್ನು ಚಿಕಿತ್ಸೆಗಾಗಿ ಆಗಾಗ ಕಲಬುರಗಿಗೆ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಆಕೆಗೆ ಬೇಸರವಾಗದಿರಲಿ ಎಂದು ಹಿಂದಿನ ಆಸನದವರಿಗೆ ಕಾಣುವಂತೆ ಒಂದು ಚಿಕ್ಕ ಪರದೆ, ಅದಕ್ಕೊಂದು ಡಿಜಿಟಲ್ ಟ್ಯೂನರು ಹಾಕಿಸುವ ಆಸೆ ಅವನದು. "ಚಂದನ ಬರ್ತದೇನ್ರಿ ಸರ?" ಎಂದು ಕೇಳಿದ. ಇಂಥ ಪ್ರಶ್ನೆ ಇನ್ನೂ ಕೆಲವರಿಗೆ ಇರಬಹುದೆಂದು ಉತ್ತರವನ್ನು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಜೋಡಿಸುವ ಕೆಲಸ ಕಷ್ಟದ್ದಲ್ಲ. ಕಾರಿನಲ್ಲಿ ಬಳಸುವ ಟ್ಯೂನರು ಸಾಮಾನ್ಯವಾಗಿ 12 ವೋಲ್ಟಿನಲ್ಲಿ ನಡೆಯುತ್ತದೆ; ಕಾರಿನ ಬ್ಯಾಟರಿಯೂ ಅಷ್ಟೇ. ತಂತಿಯನ್ನು ಫ್ಯೂಸಿನ ಮೂಲಕವೇ ಎಳೆಯಬೇಕು. ಕೀಲಿ ತೆಗೆದೊಡನೆ ಯಂತ್ರವೂ ಆರುವಂತೆ ಜೋಡಿಸಬೇಕು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗಿರುತ್ತದೆ. ಬಹಳ ಹಳೆಯ ಬ್ರಿಟಿಷ್ ಮಾದರಿಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವೇ ಕಾರಿನ ಲೋಹದ ಒಡಲಿಗೆ ಸೇರಿರುತ್ತದೆ. ಅದನ್ನು ನೋಡದೆ ಜೋಡಿಸಿದರೆ ಹೊಸ ಯಂತ್ರ ಸುಟ್ಟುಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳ ಕಿಡಿಯೂ ಸಂಕೇತವನ್ನು ಕೆಡಿಸುವುದುಂಟು. ಆದ್ದರಿಂದ ಆಂಟೆನಾವನ್ನು ಎಂಜಿನ್ನಿನಿಂದ ದೂರವಿಡುವುದು ಲೇಸು. ಪರದೆ ಚಾಲಕನ ಕಣ್ಣಿಗೆ ಬೀಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಖಜೂರಿಯ ದಾರಿಯಲ್ಲಿ ಚಿತ್ರ ಮೂಡುವುದಿಲ್ಲ. ಬಾವಿಯಲ್ಲಿ ನೀರಿಲ್ಲದಾಗ ಹಗ್ಗ, ಕೊಡ ಎಷ್ಟು ಹೊಸದಾಗಿದ್ದರೇನು? ಟ್ಯೂನರು ಗಾಳಿಯಲ್ಲಿರುವ ಸಂಕೇತವನ್ನು ಹಿಡಿಯುವ ಸಾಧನವೇ ಹೊರತು ಸೃಷ್ಟಿಸುವ ಸಾಧನವಲ್ಲ. ದೂರದರ್ಶನವು ನೆಲದ ಗೋಪುರಗಳಿಂದ ಡಿಜಿಟಲ್ ಪ್ರಸಾರವನ್ನು 2016ರ ಫೆಬ್ರವರಿಯಲ್ಲಿ 16 ನಗರಗಳಿಗೆ ನೀಡತೊಡಗಿತು. ಅವುಗಳಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ಬೆಂಗಳೂರು ಮಾತ್ರ. ಕಲಬುರಗಿಯ ಹೆಸರು ಇರಲಿಲ್ಲ.

ಇದನ್ನು ನೆನೆದಾಗ ಮನಸ್ಸಿಗೆ ನೋವಾಗುತ್ತದೆ. ಏಕೆಂದರೆ ಟೆಲಿವಿಷನ್ ವಿಷಯದಲ್ಲಿ ನಮ್ಮ ಜಿಲ್ಲೆ ಒಂದು ಕಾಲಕ್ಕೆ ರಾಜಧಾನಿಗಿಂತ ಮುಂದಿತ್ತು. 1975ರ ಆಗಸ್ಟ್ 1ರಂದು ಆರಂಭವಾದ 'ಸೈಟ್' ಪ್ರಯೋಗವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬರುತ್ತಿದ್ದವು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳು. ಕೋಳಿಗೂಡಿಗೆ ಬಳಸುವಂಥ ತಂತಿಯ ಜಾಲರಿಯಿಂದ ಮಾಡಿದ ಹತ್ತು ಅಡಿಯ ದೊಡ್ಡ ಬುಟ್ಟಿಯೇ ಆಂಟೆನಾ. ವಿದ್ಯುತ್ತಿಲ್ಲದ ಕೆಲವು ಹಳ್ಳಿಗಳಲ್ಲಿ ಪೆಟ್ಟಿಗೆ ಬ್ಯಾಟರಿಯಿಂದಲೇ ನಡೆಯುತ್ತಿತ್ತು. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಮನರಂಜನೆ. ಬೆಂಗಳೂರಿನವರು ತಮ್ಮೂರಿನ ದೂರದರ್ಶನ ಕೇಂದ್ರಕ್ಕಾಗಿ 1981ರವರೆಗೆ ಕಾಯಬೇಕಾಯಿತು.

ಆದರೆ ಒಂದೇ ವರ್ಷದ ಕರಾರು ಅದು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಹಿಂದಕ್ಕೆ ಸರಿಯಿತು. ಹಳ್ಳಿಯಲ್ಲಿ ಪೆಟ್ಟಿಗೆಯಿದ್ದರೂ ಬಾನಿನಿಂದ ಸಂಕೇತವಿಲ್ಲ. 1977ರಲ್ಲಿ ಗುಲಬರ್ಗಾದಲ್ಲಿಯೇ ಪ್ರಸಾರ ಕೇಂದ್ರ ಆರಂಭವಾದ ಮೇಲೆ ಪುನಃ ಜೀವ ಬಂತು. ಮುಂದೆ ಮನೆಮನೆಯ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾಗಳು ಎದ್ದವು. ಚಿತ್ರದಲ್ಲಿ ಚುಕ್ಕೆಗಳು ಸುರಿದರೂ, ಮುಖಗಳು ಎರಡೆರಡಾಗಿ ಕಂಡರೂ ಜನ ಕದಲದೆ ನೋಡುತ್ತಿದ್ದರು. ಹಳೆಯ ಅನಲಾಗ್ ಪದ್ಧತಿಯ ಗುಣವೇ ಅದು: ಸಂಕೇತ ಕ್ಷೀಣಿಸಿದಂತೆ ಚಿತ್ರವೂ ನಿಧಾನವಾಗಿ ಮಾಸುತ್ತದೆ. ಡಿಜಿಟಲ್ ಪದ್ಧತಿ ಹಾಗಲ್ಲ. ಒಂದು ಮಿತಿಯವರೆಗೆ ನಿರ್ಮಲವಾದ ಚಿತ್ರ. ಮಿತಿ ದಾಟಿದರೆ ಚಿತ್ರ ಚೂರುಚೂರಾಗಿ ನಿಂತುಹೋಗುತ್ತದೆ.

2021ರಲ್ಲಿ ಪ್ರಸಾರ ಭಾರತಿಯು ಹಳೆಯ ಅನಲಾಗ್ ಪ್ರಸಾರವನ್ನು ದೇಶದಾದ್ಯಂತ ಹಂತಹಂತವಾಗಿ ನಿಲ್ಲಿಸುತ್ತಿದ್ದಾಗ ಕಲಬುರಗಿಯ ಸರದಿಯೂ ಬಂತು. ಆ ತಂತ್ರಜ್ಞಾನ ಹಳೆಯದಾಗಿತ್ತೆಂಬುದು ನಿಜ. ಅಮೆರಿಕದಲ್ಲಿ ದೊಡ್ಡ ಕೇಂದ್ರಗಳ ಅನಲಾಗ್ ಪ್ರಸಾರ 2009ರಲ್ಲಿಯೇ ನಿಂತಿತು. ಜಪಾನಿನ ಬಹುಭಾಗದಲ್ಲಿ 2011ರಲ್ಲಿ. ಆದರೆ ಆ ದೇಶಗಳಲ್ಲಿ ಅದರ ಸ್ಥಾನಕ್ಕೆ ನೆಲದ ಡಿಜಿಟಲ್ ಪ್ರಸಾರ ಆಗಲೇ ಬಂದು ನಿಂತಿತ್ತು. ಜಪಾನಿನಲ್ಲಂತೂ ಓಡುವ ಕಾರಿನಲ್ಲಿಯೂ ಅದು ದೊರೆಯುತ್ತದೆ. ನಮ್ಮ ಕಡೆ ಹಳೆಯದು ಹೋಯಿತು, ಹೊಸದು ಬರಲಿಲ್ಲ.

ಮನೆಗೆ ಡಿ.ಡಿ. ಫ್ರೀ ಡಿಶ್ ಇದೆಯಲ್ಲ ಎನ್ನಬಹುದು. ತಿಂಗಳ ಶುಲ್ಕವಿಲ್ಲದ ಆ ಸೇವೆ ಉಪಕಾರದ್ದೇ ಸರಿ. ಆದರೆ ಅದರ ತಟ್ಟೆ ಆಗ್ನೇಯ ದಿಕ್ಕಿನಲ್ಲಿರುವ ಒಂದೇ ಉಪಗ್ರಹವನ್ನು ಅಲುಗಾಡದೆ ನೋಡುತ್ತಿರಬೇಕು. ಆಳಂದದ ತಿರುವುಗಳಲ್ಲಿ ಓಡುವ ಕಾರಿನ ಮೇಲೆ ಅದು ನಿಲ್ಲುವುದೆಂತು? ಉಳಿಯುವುದು ಮೊಬೈಲಿನ ಅಂತರ್ಜಾಲ. ಅದು ಕರೆನ್ಸಿ ಹಾಕಿಸಿದವನಿಗೆ, ಅದೂ ನೆಟ್‌ವರ್ಕ್ ಇದ್ದಲ್ಲಿ.

ವಿದೇಶದಲ್ಲಿರುವ ಬಂಧುಗಳಿಗೂ ಒಂದು ಮಾತು: ಊರಿನ ಕಾರಿಗೆಂದು ಅಲ್ಲಿಂದ ಟ್ಯೂನರು ತರಬೇಡಿ. ಅಮೆರಿಕ, ಜಪಾನ್, ಯುರೋಪುಗಳ ಪದ್ಧತಿಗಳು ಬೇರೆಬೇರೆ. ಒಂದರ ಯಂತ್ರಕ್ಕೆ ಇನ್ನೊಂದರ ಸಂಕೇತ ತಿಳಿಯದು. ಬೆಂಗಳೂರಿನಲ್ಲಿ ಕೊಳ್ಳುವವರು ಕೂಡ ಡಿ.ವಿ.ಬಿ.-ಟಿ2 ಎಂಬ ಗುರುತು ನೋಡಿ, ತಮ್ಮ ಬಡಾವಣೆಯಲ್ಲಿ ಚಿತ್ರ ಬರುವುದನ್ನು ಕಣ್ಣಾರೆ ಕಂಡು ಹಣ ಕೊಡಲಿ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಟ್ಯೂನರಿನ ಹಣ ಉಳಿಸು, ತಾಯಿಗೆ ಬೇಕಾದ ವಚನಗಳನ್ನೂ ಹಾಡುಗಳನ್ನೂ ಒಂದು ಪೆನ್ ಡ್ರೈವಿಗೆ ತುಂಬಿಸಿಡು. ಆದರೆ ಇದು ಒಬ್ಬನ ಸಮಸ್ಯೆಗೆ ಪರಿಹಾರವಾಯಿತು, ಊರಿನ ಪ್ರಶ್ನೆ ಹಾಗೆಯೇ ಉಳಿಯಿತು. ಗಾಳಿಯಲ್ಲಿ ಹರಿದುಬರುವ ಸಂಕೇತ ಊರಬಾವಿಯ ನೀರಿನಂತೆ. ಅದಕ್ಕೆ ಬಡವ ಬಲ್ಲಿದರೆಂಬ ಭೇದವಿರಲಿಲ್ಲ. 1975ರಲ್ಲಿ ದೇಶ ಮೊದಲು ಹುಡುಕಿ ಬಂದದ್ದು ಹಿಂದುಳಿದ ಜಿಲ್ಲೆಗಳನ್ನು. ಮುಂದಿನ ಪಟ್ಟಿ ಬರೆಯುವಾಗಲೂ ಅಲ್ಲಿಂದಲೇ ಆರಂಭಿಸಿರೆಂದು ಕೇಳುವ ಹಕ್ಕು ನಮಗಿದೆ. ಅಧಿಕಾರದ ಸ್ಥಾನಗಳಲ್ಲಿರುವ ನನ್ನ ಶಿಷ್ಯರು ಇದನ್ನು ಗಮನಿಸಲಿ.